ಮೇಡಂ ಕಾರ್ಪೆಟ್ಟಿಗೆ ಬಿದ್ದ ನನ್ನ ತಲೆಬಣ್ಣ

ತಲೆಗೆ ಬಣ್ಣ ಹಚ್ಚೋ ಗಂಡಸಿರೋ ಮನೆಯಲ್ಲಿ ತಿಂಗಳಿಗೊಂದು ಅವಾಂತರ ಆಗೇ ಆಗುತ್ತೆ, ಅದನ್ನ ಯಾರಪ್ಪನ ಕೈಯಲ್ಲೂ ತಪ್ಪಿಸೋಕಾಗಲ್ಲ. ನಮ್ಮನೇಲಿ ದಿಂಬಿನ ಕವರು, ಬಚ್ಚಲಮನೆ ಬಾಗಿಲು, ಒಂದ್ಸಲ ಬೆಕ್ಕು, ಎಲ್ಲಕ್ಕೂ ನನ್ನ ಡೈ ಮೆತ್ತಿದೆ. ಹಚ್ಚದೇ ಇರೋಣ ಅಂದರೆ ನನ್ನ ಕೆಲಸ ಅಂಥದ್ದು. ಹಾರನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮೇಷ್ಟ್ರು. ಬಿಳೀ ತಲೆ ಇಟ್ಕೊಂಡು ಸೀಟಿ ಊದಿದರೆ ಒಂಬತ್ತನೇ ಕ್ಲಾಸಿನವರು ಓಡಲ್ಲ, ಕೈಹಿಡಿದು ರಸ್ತೆ ದಾಟಿಸೋಕೆ ಬರ್ತಾರೆ.

ಆದರೆ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರೋ ಹಿಂದಿನ ದಿನ ಆಯಿತಲ್ಲ, ಅದರ ಮುಂದೆ ಬೆಕ್ಕಿನದು ಏನೇನೂ ಅಲ್ಲ.

ಕರಟಕ್ಕೆ ತಳ ಇಲ್ಲ

ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೆಣ್ಣು ನೋಡೋಕೆ ಬಂದರೂ ಹಾಸೋದು ಒಂದೇ ಕಾರ್ಪೆಟ್ಟು. ಪಕ್ಕದ ಮನೆಯ ರಿಟೈರಾದ ಹೆಡ್ ಮೇಡಂ ಅವರದ್ದು. ಕೆಂಪು ನೆಲ, ನಾಲ್ಕು ಮೂಲೆಗೂ ಕೆನೆ ಬಣ್ಣದ ದೊಡ್ಡ ಹೂವು. ಅದರ ಮೇಲೆ ಕೂತವರು ಇದುವರೆಗೂ ಯಾವ ಹೆಣ್ಣನ್ನೂ ಬೇಡ ಅಂದಿಲ್ಲ ಅಂತ ಬೀದಿಗೆಲ್ಲ ನಂಬಿಕೆ. ಮೇಡಂ ಅದನ್ನ ನನ್ನ ಹೆಗಲಿಗೆ ಹೊರಿಸುವಾಗ, "ಮೇಷ್ಟ್ರೇ, ಹೇಗೆ ಕೊಟ್ಟಿದೀನೋ ಹಾಗೇ ವಾಪಸ್ ಬರಬೇಕು. ಒಂದು ಎಳೆ ಆಚೀಚೆ ಆಗಬಾರದು" ಅಂದರು. ಮೂವತ್ತು ವರ್ಷ ಸಾವಿರಾರು ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿದ ಧ್ವನಿ ಅದು. "ಹೂಂ ಮೇಡಂ" ಅಂದೆ.

ಮಡಿಕೆ ಗುರುತು ಹೋಗಲಿ ಅಂತ ನನ್ನ ಹೆಂಡತಿ ಶನಿವಾರವೇ ಹಾಲ್‌ನಲ್ಲಿ ಹಾಸಿದಳು. ಹಾಲ್‌ ಕಿಟಕಿ ಹತ್ತಿರ ಬೆಳಕು ಚೆನ್ನಾಗಿತ್ತು, ಕನ್ನಡಿಯೂ ಅಲ್ಲೇ ಇತ್ತು. ಕೂತೇಬಿಟ್ಟೆ.

ಡೈ ಕಲಸೋಕೆ ನನಗೆ ತೆಂಗಿನ ಕರಟವೇ ಆಗಬೇಕು. ಸ್ಟೀಲು ಬಟ್ಟಲಿಗೆ ಕೈ ಹಾಕಿದರೆ ಮನೆಯಲ್ಲಿ ಯುದ್ಧ. ಕರಟವಾದರೆ ಕೆಲಸ ಮುಗಿದ ಮೇಲೆ ನೀರೊಲೆಗೆ ಎಸೆದರಾಯ್ತು. ಆದರೆ ಅದಕ್ಕೆ ತಳ ಅನ್ನೋದಿಲ್ಲವಲ್ಲ, ಎರಡು ಪಾದದ ನಡುವೆ ಒತ್ತಿ ಹಿಡ್ಕೊಂಡಿದ್ದೆ. ಅರ್ಧ ತಲೆ ಮುಗಿದಿತ್ತು, ಫೋನ್ ಬಂತು. ಗೆಂಡೆಹಳ್ಳಿಯಿಂದ ಗಂಡಿನ ತಂದೆ.

"ಯಜಮಾನ್ರೇ, ನಾಳೆ ಹತ್ತೂವರೆಗೆ ಬತ್ತೀವಿ."

ಬೀಗರಾಗೋ ಮನುಷ್ಯ, ಮರ್ಯಾದೆ ಬೇಡವೇ? ಎದ್ದು ಅಟೆನ್ಷನ್‌ನಲ್ಲಿ ನಿಂತೆ. ಬಾಯಿ "ಬನ್ನಿ ಬನ್ನಿ" ಅಂತಿತ್ತು, ಕಾಲಡಿ ಕರಟ ಮಗುಚಿತ್ತು, ಕೆನೆ ಬಣ್ಣದ ಹೂವು ಕರೀ ಹೂವಾಗಿತ್ತು.

ಹೆಂಡತಿ ಓಡಿ ಬಂದಳು. ಹೂವನ್ನ ನೋಡಿದಳು, ನನ್ನ ಅರ್ಧ ತಲೆ ನೋಡಿದಳು. "ಇನ್ನರ್ಧಕ್ಕೆ ಏನು ಮಾಡ್ತೀರಿ? ಅದರ ಮೇಲೇ ಹೊರಳಾಡಿ!"

ಬೀದಿಗೊಬ್ಬ ವೈದ್ಯ

ನನಗೆ ನಿಜವಾಗಿ ಹೆದರಿಕೆ ಆಯಿತು. ಮೇಡಂ ಒಂದು ಕಡೆ, ಮಗಳ ಬಾಳು ಇನ್ನೊಂದು ಕಡೆ. ಈ ಹುಡುಗನ ಫೋಟೋ ನೋಡಿ ಅವಳು ಮೊದಲನೇ ಸಲ "ನೋಡೋಣ" ಅಂದಿದ್ದಳು. ಅಂಥ ದಿನವೇ ಬೀದಿಯ ಅದೃಷ್ಟಕ್ಕೆ ನಾನು ಮಸಿ ಬಳಿದಿದ್ದೆ.

ಹಾಲು ತಂದ ಅಜ್ಜಿ ಇಣುಕಿ ನೋಡಿ, "ಹುಳಿ ಮೊಸರು ಐತಾ? ಹಾಕಿ ತಿಕ್ಕಿ, ಎಲ್ಲಾ ಹೋಯ್ತದೆ" ಅಂದಳು. ಹಾಕಿದೆ. ಎದುರು ಮನೆ ಟೈಲರು, "ಛೇ, ಮೊಸರಲ್ಲ ಸಾರ್, ಟೂತ್‌ಪೇಸ್ಟು" ಅಂದ. ಅದನ್ನೂ ಹಾಕಿದೆ. ನನ್ನ ಸ್ವಂತ ಬುದ್ಧಿಗೆ ಅರಿಶಿನ, ನಿಂಬೆಹಣ್ಣು ಹೊಳೆದವು. ಬಟ್ಟೆ ಒಗೆಯೋ ಬ್ರಷ್ ಹಿಡಿದು ಮೈದಾನಕ್ಕೆ ಇಳಿದವನ ಹಾಗೆ ತಿಕ್ಕಿದೆ. ಬಟ್ಟಲಿನಷ್ಟಿದ್ದ ಕಲೆ ಊಟದ ತಟ್ಟೆಯಷ್ಟಾಯಿತು.

ಬೇಲೂರಿನ ಬ್ಯಾಂಕಿನಿಂದ ಬಸ್ಸಿಳಿದು ಬಂದ ಮಗಳು ಬ್ಯಾಗು ಅಲ್ಲೇ ಎಸೆದು ಚೀರಿದಳು. "ಅಪ್ಪಾ, ಉಜ್ಜಬೇಡ! ಉಜ್ಜಿದರೆ ಹರಡುತ್ತೆ ಕಣಪ್ಪಾ. ಬಿಳೀ ಬಟ್ಟೆ ಇಟ್ಟು ಒತ್ತಬೇಕು, ಬಣ್ಣ ಬಟ್ಟೆಗೆ ಬರುತ್ತೆ."

ಬಿಳೀ ಬಟ್ಟೆ ಅಂತ ಕೈಗೆ ಸಿಕ್ಕಿದ್ದು ನನ್ನ ಬನಿಯನ್ನು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಸೋಪು ಬೆರೆಸಿ, ಅದ್ದಿ ಅದ್ದಿ ಒತ್ತಿದಳು. ಮೊಸರು, ಪೇಸ್ಟು ಬಿಟ್ಟವು, ಇನ್ನೂ ಹಸಿ ಇದ್ದಿದ್ದಕ್ಕೆ ಅರಿಶಿನವೂ ಬಿಟ್ಟಿತು. ಡೈ ಮಾತ್ರ ಕಪ್ಪಿದ್ದದ್ದು ಕಾಫಿ ಬಣ್ಣಕ್ಕೆ ಇಳಿದು ಅಲ್ಲೇ ಮೊಂಡು ಹಿಡಿದು ಕೂತಿತು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಮೇಡಂ ಧ್ವನಿ. "ಮೇಷ್ಟ್ರೇ, ಏನು ಘಮಘಮ ಅಂತಿದೆ? ಮಜ್ಜಿಗೆ ಹುಳಿನಾ?"

"ಹೂಂ ಮೇಡಂ!"

"ನನಗೊಂದು ಬಟ್ಟಲು ಕಳಿಸಿ."

ಆ ಸಂಜೆ ನನ್ನ ಹೆಂಡತಿ ನನ್ನನ್ನ ಬೈಯುತ್ತಾ ಬೈಯುತ್ತಾ ಬೂದುಗುಂಬಳಕಾಯಿ ಹೆಚ್ಚಿದಳು.

ಟೀಪಾಯಿ ಸರಿಯಿತು

ಭಾನುವಾರ ಕಲೆಯ ಮೇಲೆ ಟೀಪಾಯಿ, ಟೀಪಾಯಿ ಮೇಲೆ ಹೂದಾನಿ. ಉಳಿದರ್ಧ ತಲೆಯನ್ನ ರಾತ್ರಿ ಬಚ್ಚಲಲ್ಲೇ ಕೂತು ಮುಗಿಸಿದ್ದೆ. ಹುಡುಗ ಮಾದಿಹಳ್ಳಿ ಕಡೆ ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಅಂತೆ, ಬೈಕಿನಲ್ಲೇ ಬಂದ. ಅವನ ತಂದೆ ತಾಯಿ ಕಾರಿನಲ್ಲಿ ಬಂದರು. ತಂದೆಯ ತಲೆ ಕಾಗೆ ಬಣ್ಣ, ಕಿವಿಯ ತುದಿಯೂ ಅದೇ ಬಣ್ಣ. ನಾನು ಗಮನಿಸದವನ ಹಾಗೆ ಕೂತೆ.

ಉಪ್ಪಿಟ್ಟು ಬಂತು. ಹುಡುಗನ ತಂದೆ ತಟ್ಟೆ ಇಡೋಕೆ ದೂರ ಆಯಿತು ಅಂತ ಟೀಪಾಯಿಯನ್ನ ದರ್ರನೆ ತಮ್ಮ ಕಡೆ ಎಳೆದುಕೊಂಡರು.

ಎಲ್ಲರೂ ಕಲೆಯನ್ನೇ ನೋಡಿದರು. ಅಯ್ಯೋ ಶಿವನೇ, ಮುಗೀತು ಕಥೆ ಅಂತ ನಾನು ಕಣ್ಣು ಮುಚ್ಚಿದೆ.

ಹುಡುಗನ ತಂದೆ ಬಗ್ಗಿದರು, ಮೂಸಿದರು. "ಕರಟದಾಗೆ ಕಲಸಿದ್ರಾ?" ಅಂದರು ಮೆಲ್ಲಗೆ.

"ಹೌದು ಸ್ವಾಮಿ" ಅಂದೆ.

"ನಮ್ದೂ ಅದೇ ಕಣ್ರೀ! ನೆನ್ನೆ ನಿಮಗೆ ಫೋನ್ ಮಾಡಿ ಇಡೋವಷ್ಟರಲ್ಲಿ ಚಾಪೆ ಹೋಯ್ತು!"

ಅವರ ಹೆಂಡತಿ, "ಚಾಪೆ ಅಲ್ಲ, ನನ್ನ ತವರಿನ ಜಮಖಾನ" ಅಂತ ತಿದ್ದಿದರು.

ಹುಡುಗ ಹೊರಗೆ ಹೋಗಿ ಬೈಕಿನ ಪೆಟ್ಟಿಗೆಯಿಂದ ಸ್ಪಿರಿಟ್ ಬಾಟಲಿ ತಂದ. ದನಕ್ಕೆ ಸೂಜಿ ಚುಚ್ಚೋ ಮುಂಚೆ ಒರೆಸೋದಂತೆ. ಮಗಳು ಬನಿಯನ್ನು ತಂದಳು. ನಾನೂ ಕೈ ಹಾಕೋಕೆ ಹೋದೆ. "ಉಜ್ಜಬೇಡಿ!" ಅಂತ ಇಬ್ಬರೂ ಒಟ್ಟಿಗೇ ಗದರಿದರು. ಕಲೆಯ ಆ ಕಡೆ ಅವಳು, ಈ ಕಡೆ ಅವನು, ಕೂತು ಒತ್ತಿದರು. ಮಾತಾಡಿಕೊಂಡು ಬನ್ನಿ ಅಂತ ಯಾರೂ ಮಹಡಿಗೆ ಕಳಿಸಬೇಕಾಗಲಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ಅದೇನು ಗುಸುಗುಸು, ಅದೇನು ನಗು! ನನ್ನ ಹೊಟ್ಟೆ ತಣ್ಣಗಾಯಿತು. ಹೂವು ಮತ್ತೆ ಕೆನೆ ಬಣ್ಣಕ್ಕೆ ಬಂತು.

ಹೊರಡುವಾಗ ಹುಡುಗ ಉಳಿದರ್ಧ ಬಾಟಲಿ ನನ್ನ ಕೈಗಿಟ್ಟ. "ಇಟ್ಕೊಳಿ ಮಾವ, ನಿಮಗೆ ಬೇಕಾಗ್ತದೆ." ಒಪ್ಪಿಗೆ ಹೇಳಬೇಕಾಗಿದ್ದ ಅವನಪ್ಪ ಇನ್ನೂ ಚಪ್ಪಲಿ ಹುಡುಕುತ್ತಾ ಇದ್ದರು.

ಹೋಗಬಾರದ್ದು ಹೋಯಿತು

ಸೋಮವಾರ ಸಂಜೆ ಕಾರ್ಪೆಟ್ಟು ಮಡಿಸೋಕೆ ಸೋಫಾ ಸರಿಸಿದೆ. ಅಡಿಯಲ್ಲಿದ್ದ ಮೂಲೆಯ ಹೂವಿನ ಮೇಲೆ ಅಂಗೈಯಗಲದ ಇನ್ನೊಂದು ಕಲೆ! ಹಳೇದು, ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಇದು ನನ್ನದಲ್ಲ ಅಂದರೆ ನನ್ನ ತಲೆ ನೋಡಿದವರು ಯಾರು ನಂಬ್ತಾರೆ? ಕೂತೆ. ಉಜ್ಜಲಿಲ್ಲ, ಒತ್ತಿದೆ. ಬಾಟಲಿ ಖಾಲಿ ಆಗೋ ಹೊತ್ತಿಗೆ ಅದೂ ಹೋಯಿತು. ಎದೆಯುಬ್ಬಿಸಿಕೊಂಡು ಹೋಗಿ ಮೇಡಂ ಮುಂದೆ ಹಾಸಿದೆ.

ಮೇಡಂ ನೇರ ಆ ಮೂಲೆಗೇ ಹೋದರು. ಕನ್ನಡಕ ಒರೆಸಿದರು. "ಎಲ್ಲಿ?"

"ಏನು ಮೇಡಂ?"

"ಕಲೆ ಕಣ್ರೀ! ಇಪ್ಪತ್ತು ವರ್ಷದ ಹಿಂದೆ ನಮ್ಮ ಹುಡುಗಿಯನ್ನ ನೋಡೋಕೆ ಬರೋ ಹಿಂದಿನ ದಿನ ನಮ್ಮೆಜಮಾನ್ರು ಡೈ ಚೆಲ್ಲಿದ್ದು! ಅವತ್ತಿಂದ ಇವರು ಬಾಯಿ ತೆಗೆದಾಗೆಲ್ಲ ಆ ಮೂಲೆ ತೋರಿಸ್ತಿದ್ದೆ, ಸುಮ್ಮನಾಗೋರು. ಹೇಗೆ ಕೊಟ್ಟಿದೀನೋ ಹಾಗೇ ತನ್ನಿ ಅಂದಿರಲಿಲ್ವಾ?"

ಒಳಗಿಂದ ಯಜಮಾನರು ಬಂದರು. ರೈಲ್ವೆಯಿಂದ ರಿಟೈರಾದವರು, ಅವರ ಧ್ವನಿಯನ್ನೇ ನಾನು ಸರಿಯಾಗಿ ಕೇಳಿರಲಿಲ್ಲ. ಬಗ್ಗಿ ಹೂವನ್ನ ಸವರಿದರು. ನನ್ನ ಎರಡೂ ಕೈ ಹಿಡಿದುಕೊಂಡರು, ಕಣ್ಣಲ್ಲಿ ನೀರೇ ಬಂತು. ಆಮೇಲೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಪಕ್ಕದಲ್ಲಿದ್ದ ಲೋಟ ಎತ್ತಿ ಒಂದು ಗುಟುಕು ಕುಡಿದು, "ಏನೇ, ಈ ಕಾಫಿಗೆ ಸಕ್ಕರೆ ಕಮ್ಮಿ" ಅಂದರು.

ಮೇಡಂ ಅಭ್ಯಾಸದಂತೆ ಮೂಲೆ ಕಡೆ ಕೈ ಎತ್ತಿದರು. ಅಲ್ಲಿ ಬರೀ ಹೂವಿತ್ತು. ಸುಮ್ಮನೆ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದರು.

ನಾನು ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಗ್ತಾ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಹಿತ್ತಲಿಗೆ ಹೋಗಿ, ತಂತಿ ಮೇಲೆ ಒಣಗ್ತಿದ್ದ ಆ ಕರೀ ಬನಿಯನ್ನು ತಂದಳು. ನೀಟಾಗಿ ನಾಲ್ಕು ಮಡಿಕೆ ಮಡಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿ ಇಟ್ಟಳು.

"ಅದನ್ಯಾಕೆ ಇಡ್ತೀಯ? ಬಿಸಾಕೇ."

"ಇರಲಿ ಬಿಡ್ರಿ" ಅಂದಳು. "ಅಂದ ಹಾಗೆ, ಆ ಸ್ಪಿರಿಟ್ ಬಾಟ್ಲಿ ಪೂರ್ತಿ ಖಾಲಿ ಆಯ್ತಾ?"

"ಆಯ್ತಲ್ಲ, ಯಾಕೆ?"

"ಒಳ್ಳೇದಾಯ್ತು" ಅಂದು, ಬೀರುಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.