ದಡ್ಡರ ಕ್ಲಾಸಿಗೆ ಮೂವತ್ತು ಸೀಟು

ಇಷ್ಟೆಲ್ಲ ರಗಳೆಗೆ ಕಾರಣ ಒಂದು ಪ್ಲೇಟು ಮಂಡಕ್ಕಿ ವಗ್ಗರಣಿ. ಆ ಮಾತೊಂದನ್ನು ಪಂಪಾಪತಿಯವರು ಬಾಯಿಬಿಟ್ಟು ಆಡದೇ ಇದ್ದಿದ್ದರೆ ಯಲಬುರ್ಗಾ ಅವತ್ತು ತನ್ನ ಪಾಡಿಗೆ ತಾನು ಇರುತ್ತಿತ್ತು, ಅವರೂ ಸಂಜೆ ಬಸ್ಸಿಗೆ ಮನೆಗೆ ಹೋಗಿ ಕಾಲು ಚಾಚಿ ಮಲಗುತ್ತಿದ್ದರು. ಒಳ್ಳೆಯ ಮನುಷ್ಯರ ತಾಪತ್ರಯವೇ ಇದು ನೋಡಿ, ಸುಮ್ಮನೆ ಇರಲಿಕ್ಕೆ ಬರುವುದಿಲ್ಲ.

ಪಂಪಾಪತಿಯವರು ಊರ ಹೊರಗಿನ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವವರು. ವರ್ಷಗಟ್ಟಲೆ ಮೊದಲನೇ ವರ್ಷದ ಮಕ್ಕಳಿಗೆ ಅದದೇ ಪಾಠ ಹೇಳಿ, ಈಗೀಗ ಅವರ ದನಿ ತಾನೇ ಪಾಠ ಮಾಡುತ್ತದೆ, ಅವರು ಪಕ್ಕಕ್ಕೆ ನಿಂತು ದಣಿವಾರಿಸಿಕೊಳ್ಳುತ್ತಾರೆ. ಈ ವರ್ಷ ಮಾತ್ರ ಒಬ್ಬ ಹುಡುಗ ಅವರ ನಿದ್ದೆ ಕೆಡಿಸಿದ್ದ. ಕೂಲಿ ಮಾಡುವ ಕರಿಯವ್ವನ ಒಬ್ಬನೇ ಮಗ, ಯಂಕೇಶ. ಕ್ಲಾಸು ತಪ್ಪಿಸುವವನಲ್ಲ. ಮುಂದಿನ ಬೆಂಚಿನಲ್ಲಿ ಕೂತು ರೆಪ್ಪೆ ಬಡಿಯದೆ ಕೇಳುವವನು. ಪರೀಕ್ಷೆಯಲ್ಲಿ ಮಾತ್ರ ಹತ್ತು ದಾಟಿದವನಲ್ಲ.

ಅವನ ಸೋದರಮಾವ ಮುದಿಯಪ್ಪ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿ. ಅವನು ಅಕ್ಕನಿಗೆ ಖಡಾಖಂಡಿತ ಹೇಳಿಟ್ಟಿದ್ದ: “ಈ ಸಲ ಫೇಲಾದ್ರ ಕಾಲೇಜು ಸಾಕು. ಚೀಲಾ ಹೊರಾಕ ನನ್ನ ಕೂಡ ಬರ್ಬೇಕು.” ಹುಡುಗನ ಸಣಕಲು ಹೆಗಲು ನೋಡಿದಾಗಲೆಲ್ಲ ಪಂಪಾಪತಿಯವರು ಮನಸ್ಸಿನಲ್ಲೇ ಅದರ ಮೇಲೆ ಒಂದು ಅಕ್ಕಿ ಚೀಲ ಇಟ್ಟು ನೋಡುತ್ತಿದ್ದರು. ಹೇಗಾದರೂ ಮಾಡಿ ಇವನನ್ನು ಪಾಸು ಮಾಡಿಸಬೇಕು ಎಂದು ಹಟಕ್ಕೆ ಬಿದ್ದರು.

ಅದಕ್ಕೆ ಅವರು ಕಂಡುಕೊಂಡ ದಾರಿ, ಓದಿನಲ್ಲಿ ಹಿಂದೆ ಬಿದ್ದವರಿಗೆ ದಿನಾ ಬೆಳಿಗ್ಗೆ ಒಂದು ವಿಶೇಷ ಕ್ಲಾಸು. ಪ್ರಿನ್ಸಿಪಾಲರು ಒಪ್ಪಿದರು, ಆದರೆ ಒಂದು ಕಟ್ಟಳೆ ಹಾಕಿದರು.

“ಮೂವತ್ತ ಮಂದಿ, ಮೂವತ್ತೊಂದಲ್ಲ. ಇವತ್ತ ಮಧ್ಯಾಹ್ನ ಒಂದು ಟೆಸ್ಟ್ ಇಡ್ರಿ. ಎಲ್ಲಾರಕಿಂತ ಕಡಿಮಿ ಮಾರ್ಕ್ಸ್ ತಗೊಂಡವ್ರನ್ನಷ್ಟ ತಗೋರಿ. ಕನಿಕರಾ ಬಂತು ಅಂತ ಒಬ್ಬನ್ನ ಸೇರಿಸಿದ್ರಿ ಅಂದ್ರ ಇಡೀ ಊರು ನನ್ನ ಮನಿ ಬಾಗಲಾಗ ಬಂದು ಕುಂದರತೈತಿ.”

ಪಂಪಾಪತಿಯವರಿಗೆ ಇದರಲ್ಲಿ ತಕರಾರು ಕಾಣಲಿಲ್ಲ. ಕಡಿಮೆ ಅಂಕದ ವಿಷಯದಲ್ಲಿ ಯಂಕೇಶನ ಮೇಲೆ ಅವರಿಗೆ ಪೂರ್ತಿ ಭರವಸೆ ಇತ್ತು. ಹೊರಗೆ ಬಂದು ಪ್ಯೂನ್ ಬಾಬಾಸಾಬನನ್ನು ಕರೆದರು.

“ಬಾಬಾಸಾಬ, ಹುಡುಗ್ರು ಬರಿ ಹೊಟ್ಟಿಲೆ ಮೊದಲನೇ ಬಸ್ಸಿಗೆ ಬರ್ತಾವು. ಹೋಟೆಲಿಗೆ ಹೇಳಿ ಬಾ, ನಾಳಿಂದ ಮೂವತ್ತು ಪ್ಲೇಟ್ ಮಂಡಕ್ಕಿ ವಗ್ಗರಣಿ ಬೇಕು. ನನ್ನ ಲೆಕ್ಕದಾಗ.”

ಬಾಬಾಸಾಬ ಹೋಟೆಲಿನಲ್ಲಿ ಹೇಳಿದ್ದು ಹೀಗೆ: “ದಡ್ಡರಿಗೆ ನಾಳಿಂದ ಸರಕಾರದ ವಗ್ಗರಣಿ ಐತಂತ.” ಸರಕಾರದ್ದು ಅಂತ ಅವನೇ ಸೇರಿಸಿದ. ಕಾಲೇಜಿನ ಸರ್ ಸ್ವಂತ ಕಿಸೆಯಿಂದ ತಿನ್ನಿಸುತ್ತಾರೆ ಅಂದರೆ ಯಾರು ನಂಬುತ್ತಾರೆ?

ವಗ್ಗರಣಿ ಬಸ್ ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಅದಕ್ಕೆ ಮಿರ್ಚಿ ಭಜಿ ಸೇರಿತ್ತು. ತಹಶೀಲ್ದಾರ ಕಚೇರಿಯ ಮುಂದೆ ಅದು ಸ್ಕಾಲರ್‌ಶಿಪ್ ಆಯಿತು, ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆಯಿತು, ಸಂತೆ ಬಯಲಿಗೆ ಬಂದಾಗ ಮುಂದೆ ಸರಕಾರಿ ನೌಕರಿಯೂ ಅದರಲ್ಲೇ ಇತ್ತು. ಜನರನ್ನು ಬೈದು ಉಪಯೋಗವಿಲ್ಲ. ಅವರಿಗೆ ಅನುಭವ ಇದೆ. ಸರಕಾರ ಎಲ್ಲಿ ಗೆರೆ ಎಳೆದರೂ ಸವಲತ್ತು ಇರುವುದು ಗೆರೆಯ ಕೆಳಗೆ. ಮೇಲೆ ನಿಂತವನಿಗೆ ಸಿಗುವುದು ಬರೀ ಮರ್ಯಾದೆ, ಅದನ್ನು ಇಟ್ಟುಕೊಂಡು ಏನು ಮಾಡುವುದು ಹೇಳಿ?

ಮೊದಲು ಬಂದವರು ಬಟ್ಟೆ ಅಂಗಡಿಯ ಅಂದಪ್ಪ. ಹಿಂದೆ ಮುಖ ಕೆಳಗೆ ಹಾಕಿಕೊಂಡು ಮಗಳು ಅಮೃತಾ.

“ಸರ್, ನಮ್ಮ ಅಮೃತಾಗ ಒಂದು ಸೀಟು ಕೊಡ್ಬೇಕ್ರಿ.”

“ಅಂದಪ್ಪನವರ, ಅದು ಓದಾಕ ಬರಲಾರದವರ ಕ್ಲಾಸ್ರಿ.”

“ಆಕಿಗೂ ಬರಂಗಿಲ್ರಿ. ಭಾಳ ದಡ್ಡಿ ಅದಾಳ.”

“ಪಿಯುಸಿನಾಗ ತಾಲೂಕಿಗೇ ಫಸ್ಟ್ ಬಂದಾಳಲ್ರಿ! ಬಸ್ ಸ್ಟ್ಯಾಂಡ್ ಮುಂದ ನೀವ ಬ್ಯಾನರ್ ಹಚ್ಚೀರಿ!”

“ಈಗ ಅದನ್ನ ಬಿಚ್ಚಿಸೇ ಬಂದೀನ್ರಿ,” ಎಂದರು ಅಂದಪ್ಪ.

ಅಷ್ಟರಲ್ಲಿ ಅಂಗಳ ತುಂಬಿತು. ಗೌಸಬೀ ಮಗನ ರಟ್ಟೆ ಹಿಡಿದು ಮುಂದೆ ನೂಕಿದಳು. “ಇವಗ ಎಬಿಸಿಡಿ ಸೈತ ಬರಂಗಿಲ್ರಿ ಸರ್, ಬೇಕಾದ್ರ ಕೇಳ್ರಿ!” ಹಿಂದಿನಿಂದ ಮತ್ತೊಬ್ಬಳು ಕೂಗಿದಳು, “ನಮ್ಮ ಹುಡುಗಗ ತನ್ನ ಹೆಸರ ನೆಪ್ಪಿರಂಗಿಲ್ರಿ!” ಗೌಸಬೀ ಗರ್ರನೆ ತಿರುಗಿದಳು. “ಸುಳ್ಳ ಹೇಳಬ್ಯಾಡ! ನಿನ್ನ ಮಗಾ ಶಾಣ್ಯಾ ಅದಾನ!” “ಏಯ್, ನಿನ್ನ ಮಗಾ ಶಾಣ್ಯಾ! ನಿಮ್ಮ ಮನಿಮಂದೆಲ್ಲಾ ಶಾಣ್ಯಾರು!” ಇಬ್ಬರೂ ಸೆರಗು ಸಿಕ್ಕಿಸಿಕೊಂಡು ನಿಂತರು. ಬಾಬಾಸಾಬ ನಡುವೆ ಹೋಗಿ ಬಿಡಿಸಬೇಕಾಯಿತು.

“ನಿಲ್ರಿ, ನನ್ನ ಮಾತು ಕೇಳ್ರಿ!” ಪಂಪಾಪತಿಯವರು ಕೈ ಎತ್ತಿದರು. “ಲ್ಯಾಪ್‌ಟಾಪ್ ಇಲ್ಲ, ನೌಕರಿ ಇಲ್ಲ. ಬರೇ ವಗ್ಗರಣಿ, ಅದೂ ನಂದ ರೊಕ್ಕ!”

ಅಂದಪ್ಪ ಪಕ್ಕದವರಿಗೆ ಪಿಸುಗುಟ್ಟಿದರು: “ಸರ್ ಇಷ್ಟು ಮುಚ್ಚಿಡಾಕತ್ಯಾರ ಅಂದ್ರ ಭಾಳ ದೊಡ್ಡದ ಐತಿ.”

ಕೊನೆಗೆ ಬಂದವಳು ಕರಿಯವ್ವ, ಬಂದವಳೇ ಯಂಕೇಶನ ಪಕ್ಕ ನಿಂತಳು. ಹೊಲದಿಂದ ನೇರ ಬಂದಿದ್ದಳು, ಕಾಲಿಗೆ ಎರೆಮಣ್ಣು ಮೆತ್ತಿತ್ತು. ಪಂಪಾಪತಿಯವರಿಗೆ ಜೀವ ಬಂದಂತಾಯಿತು.

“ಬಾ ಕರಿಯವ್ವ, ಬಾ. ಖರೇ ಅಂದ್ರ ಈ ಕ್ಲಾಸ್ ಇಟ್ಟಿದ್ದ ನಿನ್ನ ಮಗನ ಸಲುವಾಗಿ.”

ಕರಿಯವ್ವನ ಮುಖ ಕೆಂಪೇರಿತು. “ಬಡವರ ಮಗಾ ಅಂತ ದಡ್ಡರ ಸಾಲಿನಾಗ ಕುಂದರಸ್ತೀರೇನ್ರಿ? ನನ್ನ ಮಗಾ ಶಾಣ್ಯಾ ಅದಾನ್ರಿ ಸರ್. ಯಂಕೇಶಾ, ಬರಿಯಪಾ. ಗೊತ್ತಿದ್ದದ್ದೆಲ್ಲಾ ಬರಿ. ಒಂದೂ ಬಿಡಬ್ಯಾಡ.”

ಅವತ್ತು ಇಡೀ ಊರಿನಲ್ಲಿ ಮಗನನ್ನು ಜಾಣ ಅಂದ ತಾಯಿ ಅವಳೊಬ್ಬಳೇ. ಪಂಪಾಪತಿಯವರು ವಾದ ಮಾಡಲು ಹೋಗಲಿಲ್ಲ. ಬರೆಯಲಿ ಬಿಡು, ಎಷ್ಟು ಬರೆದರೂ ನಮ್ಮ ಮೂವತ್ತರೊಳಗೇ ಬೀಳುತ್ತಾನೆ ಎಂದುಕೊಂಡರು.

ಮಧ್ಯಾಹ್ನ ಟೆಸ್ಟು ಶುರುವಾಯಿತು. ಅಷ್ಟು ಶಾಂತವಾದ ಪರೀಕ್ಷೆಯನ್ನು ಆ ಕಾಲೇಜು ಕಂಡಿರಲಿಲ್ಲ. ನಕಲಿಲ್ಲ, ಪಿಸುಮಾತಿಲ್ಲ, ಪೆನ್ನಿನ ಸದ್ದೂ ಇಲ್ಲ. ಅಮೃತಾ ಪ್ರಶ್ನೆಪತ್ರಿಕೆ ಓದಿದಳು, ಎಲ್ಲದರ ಉತ್ತರವೂ ಬೆರಳ ತುದಿಗೆ ಬಂದು ನಿಂತಿರಬೇಕು, ಪಾಪ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟಳು.

“ಯಾಕವ್ವ ಅಮೃತಾ, ಬರೀವಲ್ಲಿ?”

“ನೆಪ್ಪಾಗವಲ್ದು ಸರ್.”

“ಈ ಪದ್ಯಾ ಹ್ವಾದ ವಾರ ನೀನ ಬಾಯಿಪಾಠ ಹೇಳಿದ್ದೆಲ್ಲ?”

“ಹೇಳಿದ್ದೂ ನೆಪ್ಪಾಗವಲ್ದು ಸರ್.”

ಇಡೀ ಹಾಲಿನಲ್ಲಿ ಒಂದೇ ಒಂದು ಪೆನ್ನು ಓಡುತ್ತಿತ್ತು. ಯಂಕೇಶ ತಲೆ ಎತ್ತದೆ ಬರೆದ, ಬೆವರು ಒರೆಸಿಕೊಂಡು ಬರೆದ, ಎದ್ದು ನಿಂತು ಇನ್ನೊಂದು ಹಾಳೆ ಕೇಳಿ ಇಸಿದುಕೊಂಡು ಬರೆದ. ಉಳಿದವರೆಲ್ಲ ಅವನನ್ನು ಕನಿಕರದಿಂದ ನೋಡಿದರು.

ಸ್ಟಾಫ್ ರೂಮಿನಲ್ಲಿ ಕೂತು ಪಂಪಾಪತಿಯವರು ಕೆಂಪು ಪೆನ್ನು ತೆಗೆದರು. ಮೊದಲನೇ ಪೇಪರು ಖಾಲಿ. ಸೊನ್ನೆ. ಎರಡನೆಯದೂ ಖಾಲಿ. ಹಾಗೇ ಸೊನ್ನೆ ಸುತ್ತುತ್ತ ಹೋದರು, ಕೈ ಸೋತಿತು. ಹೆಸರು ಬರೆದದ್ದಕ್ಕೆ ಎಲ್ಲಿ ಅರ್ಧ ಅಂಕ ಬಂದುಬಿಡುತ್ತದೋ ಎಂದು ಗೌಸಬೀಯ ಮಗ ಹೆಸರನ್ನೂ ತಪ್ಪು ಬರೆದಿದ್ದ. ಕಟ್ಟಿನ ತಳದಲ್ಲಿ ಯಂಕೇಶನ ಪೇಪರು ಇತ್ತು. ಎರಡೂ ಮಗ್ಗುಲು ತುಂಬ ಬರೆದಿದ್ದ. ಇಲ್ಲೊಂದು, ಅಲ್ಲೊಂದು ಹೆಕ್ಕಿ ಹೆಕ್ಕಿ ಕೂಡಿಸಿದಾಗ ಐವತ್ತಕ್ಕೆ ಏಳು ಬಂತು.

ಪಂಪಾಪತಿಯವರು ಆ ಏಳನ್ನು ನೋಡುತ್ತ ಕೂತರು. ಆಮೇಲೆ ಸೊನ್ನೆಗಳ ಕಟ್ಟನ್ನು ನೋಡಿದರು. ಪೇಪರು ಹಿಡಿದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಓಡಿದರು.

“ಸರ್, ಈ ಟೆಸ್ಟ್ ಕೆಟ್ಟೋತು. ಇದನ್ನ ಬಿಟ್ಟಾಕಿ ಯಂಕೇಶನ್ನ ಕ್ಲಾಸಿಗೆ ತಗೋತೀನ್ರಿ.”

“ಹೆಂಗ ತಗೋತೀರಿ? ಅಂವ ಎಲ್ಲಾರಕಿಂತ ಫಸ್ಟ್ ಅದಾನ. ಉಳಿದವ್ರನ್ನ ತಗೋರಿ.”

“ಉಳಿದವ್ರು ನೂರಾ ಹದಿನೆಂಟು ಮಂದಿ ಅದಾರ. ಮೂವತ್ತ ಅಂದಿದ್ರೆಲ್ರಿ?”

“ಎಲ್ಲಾರಿಗೂ ಸೊನ್ನಿ ಬಂದೈತಿ. ಸೊನ್ನಿಯೊಳಗ ಯಾರನ್ನ ತಗೋತೀರಿ, ಯಾರನ್ನ ಬಿಡ್ತೀರಿ? ಎಲ್ಲಾರನ್ನೂ ಕುಂದರಸ್ರಿ. ದಿನಾ ಬೆಳಿಗ್ಗೆ.”

ಹೊರಗೆ ಬಂದ ಪಂಪಾಪತಿಯವರು ಗೋಡೆಗೆ ಒರಗಿ ನಿಂತರು. ಆಯಿತು, ಯಂಕೇಶನನ್ನು ಸಂಜೆ ಒಬ್ಬನನ್ನೇ ಕೂರಿಸಿಕೊಂಡು ಹೇಳಿಕೊಟ್ಟರಾಯಿತು. ಬೆಳಿಗ್ಗೆ ಅವರು, ಸಂಜೆ ಇವನು. ಹೇಗೂ ಸಾಯುವುದೇ, ಒಂದು ಪುಣ್ಯವಾದರೂ ಬರಲಿ ಎಂದು ಗಟ್ಟಿ ಮನಸ್ಸು ಮಾಡಿ ಅಂಗಳಕ್ಕೆ ಇಳಿದರು.

ಅಂಗಳದಲ್ಲಿ ಬಾಬಾಸಾಬ ಆಗಲೇ ಸುದ್ದಿ ಹಂಚಿ ಮುಗಿಸಿದ್ದ. ಕರಿಯವ್ವ ಓಡಿ ಬಂದಳು, ಸೆರಗಿನಿಂದ ಒಂದು ಹಿಡಿ ಸಕ್ಕರೆ ತೆಗೆದು ಪಂಪಾಪತಿಯವರ ಬಾಯಿಗೆ ಹಾಕಿದಳು. ಅವಳ ಕಣ್ಣು ತುಂಬಿ ಬಂದಿತ್ತು. “ನಾ ಹೇಳಿದ್ನೆಲ್ರಿ ಸರ್, ನನ್ನ ಮಗಾ ಶಾಣ್ಯಾ ಅಂತ?”

ಅವಳ ಹಿಂದೆ ಒಬ್ಬ ದಪ್ಪ ಮೀಸೆಯ ಆಳು ಕೈಮುಗಿದು ನಿಂತಿದ್ದ. ಬಗಲಲ್ಲಿ ಯಂಕೇಶನ ಬಟ್ಟೆಯ ಚೀಲ. ಅವನೇ ಮುದಿಯಪ್ಪ, ಟೆಸ್ಟು ಇದೆ ಎಂದು ಫೋನಿನಲ್ಲಿ ತಿಳಿದು ಸಿಕ್ಕ ಬಸ್ಸಿಗೆ ಕಾರಟಗಿಯಿಂದ ಬಂದಿದ್ದ.

“ಭಾಳ ಉಪಕಾರ ಆತ್ರಿ ಸರ್. ಹುಡುಗನ್ನ ಕರಕೊಂಡು ಹೊಂಟೀನಿ.”

“ಎಲ್ಲಿಗೆ? ಫೇಲಾದ್ರ ಒಯ್ತೀನಿ ಅಂದಿದ್ದೆಲ್ಲ! ಫಸ್ಟ್ ಬಂದಾನಲ್ಲೋ ಯಪ್ಪಾ!”

“ಅದಕ್ಕ ಒಯ್ಯಾಕತ್ತೀನ್ರಿ. ಫೇಲಾಗಿದ್ರ ಚೀಲಾ ಹೊರಾಕ ಹಚ್ತಿದ್ನಿ. ಈಗ ಫಸ್ಟ್ ಬಂದಾನ, ಚೀಲಾ ಎಣಸಾಕ ಹಚ್ತೀನಿ. ನಮ್ಮ ಸಾವ್ಕಾರ ಓದಿದ ಹುಡುಗನ್ನ ಹುಡುಕಾಕತ್ಯಾನ. ಫಸ್ಟ್ ಬಂದ ಮ್ಯಾಲ ಇನ್ನೇನ್ರಿ ಓದೂದು?”

ಪಂಪಾಪತಿಯವರು ಅವನನ್ನು ಪಕ್ಕಕ್ಕೆ ಎಳೆದು ದನಿ ತಗ್ಗಿಸಿದರು. “ಮುದಿಯಪ್ಪ, ಅವಗ ಬಂದಿದ್ದು ಐವತ್ತಕ್ಕ ಏಳು.”

“ಉಳಿದವರಿಗ್ರಿ?”

“...ಸೊನ್ನಿ.”

“ಮತ್ತ!” ಎಂದು ಮುದಿಯಪ್ಪ ಮೀಸೆ ತಿರುವಿದ. “ನಿಮ್ಮ ಕಾಲೇಜಿನಾಗ ಏಳಕಿಂತ ಮ್ಯಾಲ ಇಲ್ಲ ಅಂದ್ರ ಅಂವ ಇಲ್ಲಿದ್ದು ಏನ ಕಲೀಬೇಕ್ರಿ?”

ಪಂಪಾಪತಿಯವರು ಬಾಯಿ ತೆರೆದರು. ಎದುರಿಗೆ ಕರಿಯವ್ವ ಸಿಕ್ಕಸಿಕ್ಕವರಿಗೆಲ್ಲ ಸಕ್ಕರೆ ಕೊಡುತ್ತಿದ್ದಳು, ಅಂದಪ್ಪನವರಿಗೂ ಕೊಟ್ಟಳು. ಇಷ್ಟು ದಿನದಲ್ಲಿ ಅವಳು ಹಾಗೆ ನಕ್ಕಿದ್ದನ್ನು ಅವರು ನೋಡಿರಲಿಲ್ಲ. ಬಾಯಲ್ಲಿದ್ದ ಸಕ್ಕರೆಯನ್ನು ನುಂಗಿಕೊಂಡರು.

“ಹೌದವ್ವ ಕರಿಯವ್ವ. ನೀ ಹೇಳಿದ್ದಿ,” ಎಂದರು.

ಯಂಕೇಶ ಅವರ ಕಾಲು ಮುಟ್ಟಿದ. “ಸರ್, ಇನ್ನೊಂದು ಹಾಳಿ ಇಸಕೊಂಡು ಬರದಿದ್ದ ಛಲೋ ಆತಲ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಾವನ ಹಿಂದೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಮುಂದಿನ ಬೆಂಚಿನ ಆ ಜಾಗಕ್ಕೆ ನಾಳೆ ಯಾರು ಬಂದು ಕೂರುತ್ತಾರೆ ಎಂದು ಯೋಚಿಸಲಿಕ್ಕೂ ಪಂಪಾಪತಿಯವರಿಗೆ ತ್ರಾಣ ಇರಲಿಲ್ಲ.

ಹಿಂದಿನಿಂದ ಬಾಬಾಸಾಬ ಕೆಮ್ಮಿದ.

“ಸರ್, ನಾಳಿಗೆ ವಗ್ಗರಣಿ ನೂರಾ ಹದಿನೆಂಟು ಪ್ಲೇಟ್ ಹೇಳ್ಲೇನ್ರಿ? ಅಂದಪ್ಪನವರು ಅಮೃತಾಗ ಎರಡು ಮಿರ್ಚಿ ಬೇಕಂದಾರ.”