ಆರಾಮ ಇಲ್ಲ ಎನ್ನಲಾರದ ಕಾಕಾ

ನಮ್ಮ ಕಾಕಾನಿಗೆ ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದು ಕಾಯಿಲೆಯೂ ಆಗಿಲ್ಲ! ಜ್ವರ ಬಂದಿದೆ, ಕಾಮಾಲೆ ಬಂದಿದೆ, ಒಮ್ಮೆ ಹೊಟ್ಟೆ ಕೊಯ್ದು ಅಪೆಂಡಿಕ್ಸನ್ನೂ ತೆಗೆದಿದ್ದಾರೆ. ಆದರೆ ಕಾಯಿಲೆ? ಛೆ, ಛೆ! ಕಾಯಿಲೆ ಆಗಬೇಕಾದರೆ ಆದವನು ಒಪ್ಪಿಕೊಳ್ಳಬೇಕಲ್ಲ!

ಧಾರವಾಡದ ಕಡೆಯವರಾದ ನಾವು ಮೈ ಸರಿಯಿಲ್ಲದಿದ್ದರೆ "ಆರಾಮ ಇಲ್ಲ" ಅನ್ನುತ್ತೇವೆ. ಈ ಮಾತಿನ ಎರಡನೆಯ ಪದ ಕಾಕಾನ ಬಾಯಲ್ಲಿ ಹುಟ್ಟಿಯೇ ಇಲ್ಲ. ಯಾರೇ ಕೇಳಲಿ, "ಆರಾಮ ಅದೀನ್ರಿ!" ಚಳಿಜ್ವರಕ್ಕೆ ಹಲ್ಲು ಕಟಕಟ ಅನ್ನುತ್ತಿದ್ದಾಗಲೂ, "ಮೆಟ್ರೋದಾಗ ಏಸಿ ಭಾಳ ಇತ್ತು, ಅಷ್ಟ."

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮದುವೆಯಾಗಿಲ್ಲ, ಗಲ್ಫಿನಲ್ಲಿ, ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಒಂದು ಕೋಣೆ ಅವನದು. (ಬಹುವಚನ ಹಚ್ಚಿದರೆ "ನನ್ನ ಹಿಂದ ಯಾರರ ನಿಂತಾರೇನು?" ಎಂದು ತಿರುಗಿ ನೋಡುತ್ತಾನೆ. ಅದಕ್ಕೇ ಈ ಏಕವಚನ.) ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು. ಬೆಳಗ್ಗೆ ಶಾಲೆಯ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಪಾರ್ಟ್ ಟೈಮ್. ಮಧ್ಯಾಹ್ನದ ಮೇಲೆ ಸ್ವಂತ ಉದ್ಯೋಗದ ಪರ್ಮಿಟ್ಟಿನಲ್ಲಿ, ಒಮ್ಮೊಮ್ಮೆ ಬನಿಯಾಸಿನವರೆಗೂ ಹೋಗಿ ದರ್ಜಿಗಳ ಯಂತ್ರ ನೋಡಿ ಬರುತ್ತಾನೆ. ಅಂದರೆ ಅರ್ಧ ದಿನ ಆಳು, ಅರ್ಧ ದಿನ ಮಾಲೀಕ! ಅಂಗಿಯ ಗುಂಡಿ ಮಾತ್ರ ದಿನವಿಡೀ ಕುತ್ತಿಗೆಯವರೆಗೆ, ಜುಲೈ ತಿಂಗಳಲ್ಲೂ. "ದರ್ಜಿಗೋಳ ನಡುವ ಓಡ್ಯಾಡಾಂವ ನಾ. ಗುಂಡಿ ಬಿಟ್ರ ಏನಂದಾರು?"

ಹೋದ ಚಳಿಗಾಲದಲ್ಲಿ ಒಂದು ದಿನ ನಾನು, "ಈ ಸ್ಟೂಲ್ ಅಲ್ಲಾಡ್ತದ ಕಾಕಾ" ಅಂದೆ. "ಯಾರಂದವರು?" ಎಂದು ಹತ್ತಿ ನಿಂತೇ ತೋರಿಸಿದ. ನಿಜ, ಅಲ್ಲಾಡಲಿಲ್ಲ. ನೇರವಾಗಿ ಕಾಲು ಮುರಿಯಿತು. ಸ್ಟೂಲಿನದು! ಕಾಕಾನದು ಬಲಗೈ ಮಣಿಕಟ್ಟು.

ಆಸ್ಪತ್ರೆಯಲ್ಲಿ ನರ್ಸ್, ನೋವಿಗೆ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದಳು. "ಎರಡು" ಅಂದ.

"ಒಂಬತ್ತು ಅನ್ನು ಕಾಕಾ, ಎಲುಬು ಎರಡು ತುಂಡಾಗೇತಿ!"

"ಹತ್ತಕ್ಕ ಒಂಬತ್ತು ನನಗ ಸಾಲ್ಯಾಗೂ ಬಿದ್ದಿಲ್ಲ, ಹೋಗ."

ಕೈಯೊಳಗೆ ಲೋಹದ ಪಟ್ಟಿ ಕೂಡಿಸಿದರು. ನಾಲ್ಕು ತಿಂಗಳು ಸ್ಕ್ರೂಡ್ರೈವರ್ ಮುಟ್ಟುವಂತಿಲ್ಲ. ಅಂಗಡಿಯವರು ನಿಯಮದಂತೆ ಮೊದಲ ಹದಿನೈದು ದಿನ ಪೂರ್ತಿ ಸಂಬಳ ಕೊಟ್ಟರು, ಮುಂದಿನ ಮೂವತ್ತು ದಿನ ಅರ್ಧ. ಅರ್ಧ ದಿನದ ಸಂಬಳದ ಅರ್ಧ! ಆಮೇಲೆ ಖಲಾಸ್. ಇನ್ನರ್ಧ ದಿನದ್ದನ್ನು ಮಾಲೀಕ ಕೊಡಬೇಕು. ಮಾಲೀಕನ ಕೈಗೂ ಪ್ಲಾಸ್ಟರ್! ಹಣ ಕಟ್ಟಿ ಪರ್ಮಿಟ್ ನವೀಕರಿಸುವ ತಿಂಗಳು ಬೇರೆ ಹತ್ತಿರ ಬಂದಿತ್ತು. ಕಾಕಾ ಎಡಗೈಯಲ್ಲೇ ಟ್ರಂಕು ಎಳೆದು ಬಾಗಿಲ ಬಳಿ ಇಟ್ಟ.

"ಪರ್ಮಿಟ್ ಕ್ಯಾನ್ಸಲ್ ಮಾಡಿ ಊರಿಗೆ ಹೋಗ್ತೇನಿ. ಮಂದಿ ಮ್ಯಾಲ ಭಾರ ಆಗಬಾರ್ದು."

ಮಂದಿ ಎಂದರೆ ಯಾರು? ನಾನು! ಇಪ್ಪತ್ತು ವರ್ಷ ಒಂದೇ ಕುಕ್ಕರಿನ ಅನ್ನ ಉಂಡ ಮೇಲೆ ನಾನು ಮಂದಿ!

ಸಿಟ್ಟಿನಲ್ಲಿ ಟ್ರಂಕು ತೆರೆದು ಬಟ್ಟೆಗಳನ್ನೆಲ್ಲ ಹೊರಗೆ ಹಾಕುವಾಗ ತಳದಲ್ಲಿ ಒಂದು ವಿಮೆಯ ಕಾಗದ ಸಿಕ್ಕಿತು. ಪೆಟ್ಟಾಗಿ ದುಡಿಯಲಾಗದಿದ್ದರೆ ವಾರ ವಾರ ಇಷ್ಟು ಎಂದು ಕೊಡುವ ವಿಮೆ. ವರ್ಷವರ್ಷವೂ ಕಂತು ಕಟ್ಟುತ್ತ ಬಂದಿದ್ದಾನೆ, ನಮಗೆ ಹೇಳೇ ಇಲ್ಲ! "ಅದರ ಜೋಡಿ ಗಡಿಯಾರ ಪುಕ್ಕಟೆ ಕೊಟ್ರು. ಗಡಿಯಾರ ಚಲೋ ಇತ್ತು" ಎಂದ.

ಅರ್ಜಿ ತುಂಬಲು ನನ್ನ ಮಗಳು ಕುಳಿತಳು. "ಅಜ್ಜಾ, ಎಂಪ್ಲಾಯ್ಡ್ ಆರ್ ಸೆಲ್ಫ್ ಎಂಪ್ಲಾಯ್ಡ್? ಓನ್ಲಿ ಒನ್ ಟಿಕ್."

"ಎರಡರಾಗೂ ಅರ್ಧರ್ಧ ಹಾಕವಾ."

"ನಿಮ್ಮ ಅಂಗಿಯ ಗುಂಡಿ ನೀವೇ ಹಾಕಿಕೊಳ್ಳಬಲ್ಲಿರಾ?" ಎಂಬುದೂ ಒಂದು ಪ್ರಶ್ನೆ. "ಹೂಂ ಅಂತ ಬರಿ. ಮನ್ಯಾಗ ಬನಿಯನ್ ಸಾಕಂತ ಅಂಗಿ ಹಾಕ್ಕೊಂಡಿಲ್ಲ, ಅಷ್ಟ."

ಕೆಲಸಕ್ಕೆ ಬರುತ್ತಿಲ್ಲವೆಂದು ಮಾಲೀಕರಿಂದಲೂ ಪತ್ರ ಬೇಕಂತೆ. ಅಂಗಡಿಯದು ಬಂತು. ಸ್ವಂತ ಉದ್ಯೋಗದ್ದು? ಕಾಕಾ ತನಗೆ ತಾನೇ ರಜೆ ಕೊಡಬೇಕು. ಒಂದು ದಿನ ಪೂರ್ತಿ ಯೋಚಿಸಿ ಬಂದು ಹೇಳಿದ: "ಮಾಲಕ ಒಪ್ಪವಲ್ಲ."

ಹೇಗೋ ಒಪ್ಪಿಸಿ ಎಡಗೈಯಿಂದ ಸಹಿ ಮಾಡಿಸಿ ಕಳಿಸಿದೆ. ಅರ್ಜಿ ವಾಪಸ್! ಏಕೆ? ಸಹಿ ಪಾಸ್‌ಪೋರ್ಟಿನದಕ್ಕೆ ತಾಳೆಯಾಗುವುದಿಲ್ಲವಂತೆ. ಬಲಗೈ ಮುರಿದಿದೆ ಎಂಬ ಅರ್ಜಿಗೆ ಬಲಗೈ ಸಹಿ ಎಲ್ಲಿಂದ ತರೋಣ, ಹೇಳಿ? ಕೊನೆಗೆ ಹೆಬ್ಬೆಟ್ಟೊತ್ತಿ ಕಳಿಸಿದೆವು.

ವಾರದ ನಂತರ ವಿಮೆಯ ಕಚೇರಿಯಿಂದ ಕಾಕಾನಿಗೆ ಫೋನು ಬಂತು. ನಾನು ಅಡುಗೆಮನೆಯಲ್ಲಿದ್ದೆ. ಸ್ಪೀಕರಿನಲ್ಲಿ ಹಿಂದಿ ಮಾತಾಡುವ ಹುಡುಗಿ, ಬೆಲ್ಲದಂಥ ದನಿ. "ಅಂಕಲ್‌ಜೀ, ಅಬ್ ಆರಾಮ್ ಹೈ?"

ನಾನು ಸೌಟು ಬಿಟ್ಟು ಓಡಿ ಬರುವಷ್ಟರಲ್ಲಿ ಮುಗಿದಿತ್ತು. "ಏಕ್‌ದಮ್ ಆರಾಮ್!"

ಎರಡು ದಿನಕ್ಕೆ ಸಂದೇಶ ಬಂತು: ತಾವು ಗುಣಮುಖರಾಗಿರುವುದರಿಂದ ಅರ್ಜಿಯನ್ನು ಮುಚ್ಚಲಾಗಿದೆ.

"ಕಾಕಾ, ಆಕಿ ಕೇಳಿದ್ದು ಕೈ ವಾಸಿ ಆತೇನು ಅಂತ!"

"ಎಷ್ಟು ಪ್ರೀತಿಲೇ ಕೇಳಿದ್ಲವಾ! ಇಲ್ಲ ಅಂದಿದ್ರ ಪಾಪ ಆಕಿ ಚಿಂತಿ ಮಾಡ್ತಿದ್ಲು."

ಬಟ್ಟೆಗಳು ಮತ್ತೆ ಟ್ರಂಕಿನೊಳಗೆ ಹೋದವು. ನಾನು ಮೇಲ್ಮನವಿ ಹಾಕಿದೆ. ಮರುಪರಿಶೀಲನೆಗೆ ಇನ್ನೊಮ್ಮೆ ಫೋನು ಬರುತ್ತದೆ, ಅದೇ ಕೊನೆ ಎಂದರು. ಮಗಳು ಆಫೀಸರ್ ಆಗಿ ದಿನಾ ಸಂಜೆ ತಾಲೀಮು ನಡೆಸಿದಳು.

"ಹೇಳ್ರಿ ಅಜ್ಜಾ, ಆರಾಮ ಇ..."

"ಆರಾಮ ಇ... ಇ..."

"ಕಮಾನ್!"

"ಇದ್ದೇನಿ!"

ಫೋನು ಬಂದದ್ದು ಗುರುವಾರ ಬೆಳಗ್ಗೆ. ಕಾಕಾ ನನ್ನ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಿದ್ದ. ಸ್ಪೀಕರ್ ಹಾಕಿದೆ. ಅದೇ ದನಿ. "ಅಂಕಲ್‌ಜೀ, ಆರಾಮ್ ಹೈ?"

ಕಾಕಾ ಬಾಯಿ ತೆರೆದ. ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಅವನು ಯಂತ್ರದ ಸೂಜಿಯನ್ನೇ ನೋಡುತ್ತಿದ್ದ.

"ಬೇಟೀ," ಎಂದ, "ಸುಯೀ ಮೇ ಧಾಗಾ ನಹೀ ಜಾತಾ." ಸೂಜಿಗೆ ದಾರ ಹೋಗುತ್ತಿಲ್ಲ. ಮತ್ತೆ, "ರೋಜ್ ದೇಖತಾ ಹೂಂ. ನಹೀ ಜಾತಾ."

ದಿನಾ ಪೋಣಿಸಿ ನೋಡುತ್ತಿದ್ದನೇ? ನಾನು ಮಾರ್ಕೆಟ್ಟಿಗೆ ಹೋದಾಗಲೆಲ್ಲ ಈ ಯಂತ್ರದ ಮುಂದೆ ಕೂರುತ್ತಿದ್ದನೇ? ನನಗೆ ಗೊತ್ತೇ ಇರಲಿಲ್ಲ.

ಮುಚ್ಚಿದ ಅರ್ಜಿ ಮರುವಾರವೇ ತೆರೆಯಿತು. ಹಣ ಬಂತು, ಟ್ರಂಕು ಮಂಚದ ಕೆಳಗೆ ಹೋಯಿತು. "ನೋಡಿದಿಲ್ಲ? ಆರಾಮ ಇಲ್ಲ ಅಂತ ನಾ ಅನ್ನಲೇ ಇಲ್ಲ. ಬರೇ ದಾರದ ಸುದ್ದಿ ಹೇಳಿದೆ!" ಎಂದು ಬೀಗಿದ.

ಪರ್ಮಿಟ್ ನವೀಕರಿಸಲು ಹೊರಟ ದಿನ ಕೆಳಗೆ ಟ್ಯಾಕ್ಸಿ ಬಂದು ನಿಂತಿತ್ತು. ಕಾಕಾ ಕೋಣೆಯಿಂದ ಹೊರಗೇ ಬರಲೊಲ್ಲ. ಬಾಗಿಲು ಬಡಿದೆ.

"ಕಾಕಾ, ಯಾಕ? ಆರಾಮ ಅದಿ ಇಲ್ಲೋ?"

ಎಷ್ಟೋ ಹೊತ್ತಿಗೆ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಗುಂಡಿಯೂ ಹಾಕಿರಲಿಲ್ಲ. ಎರಡೂ ಅಂಚುಗಳನ್ನು ಎಡಗೈಯಲ್ಲಿ ಕೂಡಿಸಿ ಹಿಡಿದು ನಿಂತಿದ್ದ.

"ಇಲ್ಲವಾ," ಎಂದ.

ನಾನು ಕೆಳಗಿನ ಗುಂಡಿಯಿಂದ ಶುರು ಮಾಡಿದೆ. ಕೊನೆಯದಕ್ಕೆ ಬಂದಾಗ ಕಾಕಾ ಗದ್ದ ಎತ್ತಿ ನಿಂತ.