ಪಥ್ಯವಿಲ್ಲದ ಗುಳಿಗೆ

ನಾನು ಡಿಪ್ರೆಶನ್ ಗುಳಿಗೆ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ ಉಪ್ಪಿಟ್ಟೋ ಅವಲಕ್ಕಿಯೋ ಆದಮೇಲೆ, ಪಡಸಾಲೆಯಲ್ಲಿ, ಯಾರು ಬಂದು ಕೂತಿದ್ದರೂ ಅವರ ಎದುರಿಗೇ ತೆಗೆದುಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೂ ಗದಗಿಗೆ ಅಂಟಿಕೊಂಡ ನಮ್ಮ ಬೆಟಗೇರಿಯಲ್ಲಿ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ, ಮತ್ತು ಹೇಳುವಾಗ ದನಿ ತಗ್ಗಿಸುತ್ತಾರೆ. ಬಿ.ಪಿ. ಗುಳಿಗೆಗೆ ಯಾರೂ ದನಿ ತಗ್ಗಿಸುವುದಿಲ್ಲ. ಶುಗರಿನ ಗುಳಿಗೆಯನ್ನಂತೂ ಮದುವೆಯ ಪಂಕ್ತಿಯಲ್ಲಿ ಜಿಲೇಬಿ ಬಡಿಸುವವನಿಗೆ ಕಿಸೆಯಿಂದ ತೆಗೆದು ತೋರಿಸಿ, ಅದಕ್ಕ ಗುಳಿಗಿ ಐತಿ, ನೀ ಇನ್ನೊಂದು ಹಾಕು ಎನ್ನುತ್ತಾರೆ. ನನ್ನ ಗುಳಿಗೆಯೊಂದೇ ತಲೆ ಮೇಲೆ ಸೆರಗು ಹೊದ್ದು ಹಿತ್ತಲ ಬಾಗಿಲಿನಿಂದ ಬರಬೇಕಂತೆ. ಐ ರೆಫ್ಯೂಸ್.

ಏನಾಗಿತ್ತು ಎಂದು ಕೇಳುತ್ತೀರಿ. ಏನೂ ಆಗಿರಲಿಲ್ಲ, ಅದೇ ತೊಂದರೆ. ಯಾರೂ ಸತ್ತಿರಲಿಲ್ಲ. ಮಗ, ಸೊಸೆ ಸವಿತಾ ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆಯವರು ಎಂದಿನಂತೆ ಪೇಪರಿನ ಹಿಂದೆ ಸುಖವಾಗಿದ್ದರು. ಆದರೆ ನನಗೆ ಬೆಳಿಗ್ಗೆ ಎದ್ದು ಹೆರಳು ಹಾಕಿಕೊಳ್ಳುವುದೇ ದೊಡ್ಡ ಕೆಲಸವಾಗತೊಡಗಿತು. ಚಹಾ ಕುಡಿದರೆ ಬರೀ ಬಿಸಿನೀರು ಕುಡಿದಂತೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಪುಸ್ತಕ ಹಿಡಿದರೆ ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ, ಅದು ಒಳಗೆ ಇಳಿಯುತ್ತಿರಲಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಒಬ್ಬ ಸಿಸ್ಟರ್ ಇದ್ದರು. ಅಳುವ ಹುಡುಗಿಯರಿಗೆಲ್ಲ ಅವರದು ಒಂದೇ ಔಷಧ: ಚಿನ್ ಅಪ್, ಮೈ ಗರ್ಲ್, ತೋಟ ಸುತ್ತಿ ಬಾ. ನಾನೂ ಈ ವಯಸ್ಸಿನಲ್ಲಿ ಗದ್ದ ಎತ್ತಿಕೊಂಡು ನಮ್ಮ ಹಿತ್ತಲ ಕರಿಬೇವಿನ ಗಿಡ ಸುತ್ತಿದೆ. ತಲೆ ತಿರುಗಿತೇ ಹೊರತು ಮತ್ತೇನೂ ಆಗಲಿಲ್ಲ. ಈಗ ನೆನಪಾಗುತ್ತದೆ, ಆ ಸಿಸ್ಟರೇ ಕೆಲವು ಸಂಜೆ ಪಿಯಾನೊದ ಮುಚ್ಚಳ ತೆಗೆದು, ಬಾರಿಸದೆ, ಬೆಳಕು ಹೋಗುವವರೆಗೆ ಸುಮ್ಮನೆ ಕೂತಿರುತ್ತಿದ್ದರು. ನಾವು ಕಿಟಕಿಯಿಂದ ಇಣುಕಿ, ಪ್ರಾರ್ಥನೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆವು. ಪೂರ್ ಡಿಯರ್. ಅವರಿಗೆ ತೋಟ ಸುತ್ತಿ ಬಾ ಎನ್ನುವವರು ಕೂಡ ಇರಲಿಲ್ಲ.

ಕಡೆಗೆ ಸವಿತಾ ನನ್ನನ್ನು ಗದಗಿನ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಹೆಣ್ಣುಮಗಳು, ನನ್ನ ಶಿಷ್ಯೆಯರ ವಯಸ್ಸಿನವರು. ನನ್ನ ಮಾತೆಲ್ಲ ಕೇಳಿ, ಗುಳಿಗೆ ಬರೆದು, ನಾನು ಹಿಂದಿನ ಬೆಂಚಿನ ಹುಡುಗಿಯರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು. ಇವತ್ತು ನುಂಗಿದರೆ ನಾಳೆ ನಗು ಬರುವುದಿಲ್ಲ, ಕೆಲವು ವಾರ ತಡೆಯಬೇಕು. ಮೊದಮೊದಲು ಹೊಟ್ಟೆ ತೊಳಸಬಹುದು. ಮನಸ್ಸು ಇನ್ನೂ ಕೆಟ್ಟರೆ, ಬದುಕುವುದೇ ಬೇಡ ಅನ್ನಿಸಿದರೆ, ಮುಂದಿನ ಭೇಟಿಗೆ ಕಾಯದೆ ಕೂಡಲೇ ಬರಬೇಕು. ಆರಾಮಾಯಿತೆಂದು ನನ್ನಷ್ಟಕ್ಕೆ ನಾನೇ ನಿಲ್ಲಿಸಬಾರದು. ತಮಗೆ ಹೇಳದೆ ಬೇರೆ ಔಷಧ, ಪುಡಿ, ಕಷಾಯ ಯಾವುದನ್ನೂ ಇದರ ಜೊತೆಗೆ ಸೇರಿಸಬಾರದು. ಎಲ್ಲ ಕೇಳಿದ ಮೇಲೆ ಸವಿತಾ ಪಥ್ಯ ಏನೆಂದು ಕೇಳಿದಳು. ಪಥ್ಯ ಏನೂ ಇಲ್ಲ, ಸೆರೆ ಕುಡಿಯುವುದಿದ್ದರೆ ಅದನ್ನು ಬಿಡಬೇಕು ಎಂದರು ಡಾಕ್ಟರು. ಕ್ರಿಸ್‌ಮಸ್ ಕೇಕಿನ ದ್ರಾಕ್ಷಿಯ ಆಚೆಗೆ ನನಗೂ ಸೆರೆಗೂ ಪರಿಚಯವಿಲ್ಲ ಎಂದು ನಾನು ಹೇಳಬೇಕಾಯಿತು.

ಎಲ್ಲ ಕೆಟ್ಟದ್ದು ಅಲ್ಲಿಯೇ ನೋಡಿ. ಪಥ್ಯ ಇಲ್ಲದ್ದು ನಮ್ಮ ಕಡೆ ಔಷಧವೇ ಅಲ್ಲ. ನಮ್ಮ ಮನೆಯವರು, ಉಣ್ಣಾಕ ಬೇಡ ಅನ್ನದ ಡಾಕ್ಟರ್ ಎಂಥಾ ಡಾಕ್ಟರ್ ಎಂದು ಪೇಪರು ಕೆಳಗಿಟ್ಟು ಕೇಳಿದರು. ಪೇಪರು ಕೆಳಗಿಟ್ಟದ್ದರಿಂದ ವಿಷಯ ಗಂಭೀರ ಎಂದು ಗೊತ್ತಾಯಿತು. ಡಾಕ್ಟರು ಮರೆತದ್ದನ್ನು ತುಂಬಿಕೊಡಲು ಲಕ್ಷ್ಮೇಶ್ವರದಿಂದ ನನ್ನ ನಾದಿನಿ ನೀಲವ್ವ ಬಂದಳು. ಊರೆಲ್ಲ ಬಲ್ಲ ಮಾತುಗಾತಿ. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಆಟೋದವನ ಮೂರು ತಲೆಮಾರು ತಿಳಿದುಕೊಳ್ಳುವಷ್ಟು ಶಕ್ತಿ. ನರದ ಔಷಧಕ್ಕೆ ಬದನೆಕಾಯಿ ನಂಜು, ಶೇಂಗಾ ಪಿತ್ತ, ಮೆಣಸಿನಕಾಯಿಯಂತೂ ನೇರ ತಲೆಗೇರುತ್ತದೆ ಎಂದು ಆಕೆ ತೀರ್ಪು ಕೊಟ್ಟಳು. ಗದಗಿನಲ್ಲಿ ಇದ್ದುಕೊಂಡು ಮಿರ್ಚಿ ಭಜಿ ಬಿಡಬೇಕು ಎನ್ನುವುದು, ಕಾನ್ವೆಂಟಿನಲ್ಲಿ ಇದ್ದುಕೊಂಡು ಗಂಟೆ ಕೇಳಿಸಿಕೊಳ್ಳಬೇಡ ಎಂದ ಹಾಗೆ. ಇತ್ತ ಡಾಕ್ಟರು ಬೇಡ ಎಂದದ್ದೆಲ್ಲ ಧಾರಾಳವಾಗಿ ಬರತೊಡಗಿತು. ನಮ್ಮ ಮನೆಯವರ ಮುಂಡರಗಿಯ ಗೆಳೆಯರೊಬ್ಬರು ಹೆಸರಿಲ್ಲದ ಒಂದು ಪುಡಿ ತಂದು, ಜೇನಿನಲ್ಲಿ ಕಲಸಿ ತಿಂದರೆ ಮನಸ್ಸು ಹೂವಾಗುತ್ತದೆ ಎಂದರು. ಇದರೊಳಗೆ ಏನಿದೆ ಎಂದು ಕೇಳಿದೆ. ಅದು ಹೇಳುವ ಹಾಗಿಲ್ಲ, ಹೇಳಿದರೆ ಗುಣ ಹೋಗುತ್ತದೆ ಎಂದರು. ನಾನು ಥ್ಯಾಂಕ್ ಯೂ ಹೇಳಿ ಪುಡಿಯನ್ನು ಅವರ ಚೀಲದಲ್ಲಿಯೇ ವಾಪಸು ಇಟ್ಟೆ. ಬದನೆಕಾಯಿ ತಿನ್ನುವ ಹಾಗಿಲ್ಲ, ಆದರೆ ಯಾರು ಯಾವುದರಲ್ಲಿ ಕುಟ್ಟಿದ್ದಾರೋ ಗೊತ್ತಿಲ್ಲದ ಪುಡಿ ತಿನ್ನಬಹುದು. ಇಂಥ ನಾನ್‌ಸೆನ್ಸ್ ಜೊತೆ ವಾದ ಮಾಡಲು ನನಗೆ ಆಗ ತ್ರಾಣವಿರಲಿಲ್ಲ. ಸುಮ್ಮನೆ ಗುಳಿಗೆ ನುಂಗಿದೆ, ಕಾದೆ.

ಗುಣ ಬಂದಾಗ ಮೊದಲು ಬಂದದ್ದು ಸಂತೋಷವಲ್ಲ, ಹಸಿವೆ. ಒಂದು ಸಂಜೆ ಮೂಲೆಯ ಬಂಡಿಯಿಂದ ಎಣ್ಣೆಯ ವಾಸನೆ ಕಿಟಕಿಯೊಳಗೆ ಬಂತು. ನಾನು ಚಪ್ಪಲಿ ಮೆಟ್ಟಿ ಹೋಗಿ, ಬಂಡಿಯ ಪಕ್ಕದಲ್ಲಿಯೇ ನಿಂತು, ಕಣ್ಣು ಮೂಗು ಒರೆಸಿಕೊಳ್ಳುತ್ತ ಮಿರ್ಚಿ ತಿಂದೆ. ನೋಡಿದವರೆಲ್ಲ ಪಾಪ, ಟೀಚರ್ ಅಳಾಕತ್ತಾರ ಎಂದುಕೊಂಡರು. ಎಷ್ಟೋ ತಿಂಗಳ ಮೇಲೆ ನಾನು ಅಳದೇ ಇದ್ದ ಸಂಜೆ ಅದು.

ನಾನು ನಗತೊಡಗಿದ್ದೇ ತಡ, ಹೊಸ ಕಾಟ ಶುರುವಾಯಿತು. ಆರಾಮಾದ ಮೇಲೆ ಗುಳಿಗೆ ಯಾಕೆ, ಚಟ ಹತ್ತುತ್ತದೆ, ಬಿಡು ಎಂದು ನಮ್ಮ ಮನೆಯವರು. ಚಸ್ಮಾ ಹಾಕಿಕೊಂಡ ಮೇಲೆ ಪೇಪರು ಕಾಣುತ್ತದೆಂದು ಚಸ್ಮಾ ತೆಗೆದಿಡುತ್ತೀರಾ ಎಂದು ಕೇಳಿದೆ. ಯಾವಾಗ, ಹೇಗೆ ಸಾವಕಾಶ ಕಡಿಮೆ ಮಾಡಬೇಕೆನ್ನುವುದು ಡಾಕ್ಟರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ ಎಂದೆ. ಮರುದಿನದಿಂದಲೇ ಎಲ್ಲರ ಎದುರಿಗೆ ಗುಳಿಗೆ ನುಂಗುವ ಪದ್ಧತಿ ಹಾಕಿಕೊಂಡೆ. ಆಗ ನೀಲವ್ವ ಮತ್ತೆ ಬಂದು ನಮ್ಮಲ್ಲಿ ಕೆಲವು ದಿನ ಇದ್ದಳು. ದಿನಾ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಆಕೆ ಸುಮ್ಮನಿರುವುದನ್ನು ನಾನು ನನ್ನ ಗೆಲುವು ಎಂದು ತಿಳಿದು ಖುಷಿಪಟ್ಟೆ.

ಆಕೆ ಊರಿಗೆ ಹೋದ ಮೇಲೆ ನೋಡಿದರೆ ನನ್ನ ಗುಳಿಗೆಯ ಸ್ಟ್ರಿಪ್ ಒಂದು ಕಾಣೆ. ನಮ್ಮ ಮನೆಯವರು ನಾನೇ ಮರೆತು ಎರಡೆರಡು ನುಂಗಿದ್ದೇನೆ ಎಂದರು. ಸವಿತಾ ಗಾಬರಿಯಾಗಿ ಗುಳಿಗೆ ಡಬ್ಬಿಯನ್ನು ತನ್ನ ಕಪಾಟಿನಲ್ಲಿಟ್ಟುಕೊಂಡಳು. ನನಗೂ ನನ್ನ ತಲೆಯ ಮೇಲೆ ಸಂಶಯ ಬಂತು, ಸುಳ್ಳೇಕೆ. ಅಷ್ಟರಲ್ಲಿ ನೀಲವ್ವ ಫೋನ್ ಎತ್ತುವುದನ್ನು ಬಿಟ್ಟಳು. ಫೋನ್ ಇಡುವುದೇ ಗೊತ್ತಿಲ್ಲದವಳು ಎತ್ತುವುದಿಲ್ಲ ಎಂದರೆ? ನಾನು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಹೋದಾಗ ಊಟದ ಹೊತ್ತು. ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ನೀಲವ್ವನ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ ಇಲ್ಲದ ಊಟವನ್ನು ನಾನು ಮದುವೆಯಾಗಿ ಬಂದಾಗಿನಿಂದ ಕಂಡಿಲ್ಲ. ಸಂತೆಯಲ್ಲಿ ಛಲೋ ಬದನೆಕಾಯಿ ಸಿಗಲಿಲ್ಲ ಎಂದಳು. ಶೇಂಗಾ ಹಿಂಡಿ ಎಲ್ಲಿ ಎಂದೆ. ಮೊಸರು ನನ್ನ ಕಡೆ ಸರಿಸಿದಳು. ಮೆಣಸಿನಕಾಯಿ? ಆಕೆ ರೊಟ್ಟಿಯನ್ನು ಸಣ್ಣಗೆ ಮುರಿಯುತ್ತ ಕೂತಳು. ನನಗೆ ಬೇಡವೆಂದ ಮೂರೂ ಆಕೆಯ ತಾಟಿನಲ್ಲಿಲ್ಲ; ನಾನು ತುತ್ತು ಕೆಳಗಿಟ್ಟೆ.

'ನೀಲವ್ವ, ನನ್ನ ಗುಳಿಗಿ ನೀ ನುಂಗಾಕತ್ತೀಯೇನು?'

ಆಕೆ ತಾಟು ಪಕ್ಕಕ್ಕೆ ಸರಿಸಿದಳು. 'ನಿಮಗ ಗುಣಾ ಕೊಟ್ಟಾವಲ್ರಿ ವೈನಿ. ನನಗೂ ಏನಾರ ಕೊಡ್ತಾವೇನೋ ಅಂತ.' ಆಮೇಲೆ, ನಾನು ಬೈಯುವ ಮೊದಲೇ, 'ಪಥ್ಯ ಮಾತ್ರ ಒಂದಿನಾನೂ ತಪ್ಪಿಸಿಲ್ರಿ' ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಹೆಣ್ಣುಮಕ್ಕಳು ಗುಳಿಗೆಯನ್ನು ಮೊಸರಿನ ಹೆಪ್ಪು ಎಂದೇ ತಿಳಿದಿದ್ದಾರೆ. ಒಬ್ಬರ ಮನೆಯಲ್ಲಿ ಚೆನ್ನಾಗಿ ಹತ್ತಿದರೆ ಪಕ್ಕದ ಮನೆಗೂ ಒಂದು ಚಮಚ. ಈಕೆಗೆ ಬಿ.ಪಿ. ಇದೆ, ಹಾರ್ಟಿಗೂ ಗುಳಿಗೆ ಇವೆ. ಅವುಗಳ ಜೊತೆ ಇದು ಹೊಂದುತ್ತದೋ ಜಗಳವಾಡುತ್ತದೋ ನನಗೂ ಗೊತ್ತಿಲ್ಲ, ಆಕೆಗೂ ಗೊತ್ತಿಲ್ಲ. ಅಲ್ಲಿಂದಲೇ ಗದಗಿನ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಮನೆಯಲ್ಲಿರುವ ಅಷ್ಟೂ ಗುಳಿಗೆ ಚೀಲಕ್ಕೆ ಹಾಕಿಕೊಂಡು ಇವತ್ತೇ ಕರೆತನ್ನಿ ಎಂದರು. ನೀಲವ್ವ ಕಂಬ ಹಿಡಿದು ನಿಂತುಬಿಟ್ಟಳು. ತಾನೇನು ಹುಚ್ಚಿಯೇ, ಮೊಮ್ಮಗಳ ಲಗ್ನ ಮಾಡುವುದಿದೆ, ಶಿಗ್ಲಿಯ ಬೀಗರ ಕಿವಿಗೆ ಬಿದ್ದರೆ ಗತಿಯೇನು ಎಂದಳು. ಹಾಗಾದರೆ ನಾನು ಹುಚ್ಚಿಯೇನು ಎಂದೆ. ಆಕೆ ಇಲ್ಲ ಎನ್ನಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡಳು.

'ನೀವು ಇಂಗ್ಲಿಷ್ ಕಲಿತವರ್ರಿ ವೈನಿ. ನಿಮಗ ನಡೀತೈತಿ.'

'ದುಃಖಕ್ಕ ಇಂಗ್ಲಿಷ್ ಬರೂದಿಲ್ಲ ನೀಲವ್ವ. ಚಪ್ಪಲಿ ಹಾಕ್ಕೋ.'

ಹಾಕಿಕೊಂಡಳು. ಶಿರಹಟ್ಟಿ ಮೇಲೆ ಗದಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು, ಪಕ್ಕದ ಸೀಟಿನ ಹೆಣ್ಣುಮಗಳು ಯಾವ ಊರು ಎಂದು ಕೇಳಿದರೂ ಬಾಯಿ ಬಿಡಲಿಲ್ಲ. ಆಗ ನನಗೆ ಖರೇನ ಅಂಜಿಕೆ ಹುಟ್ಟಿತು. ಈಕೆಯ ಮಾತು ನಿಂತು ಎಷ್ಟು ದಿನವಾಗಿತ್ತೋ, ನಾನು ನನ್ನ ಗೆಲುವು ಎಣಿಸುತ್ತ ಕೂತಿದ್ದೆ.

ಡಾಕ್ಟರ ಮುಂದೆಯೂ ಅದೇ. ಡಾಕ್ಟರು ಚೀಲದೊಳಗಿನ ಗುಳಿಗೆಗಳನ್ನೆಲ್ಲ ಹರವಿ, ಹೆಸರು ಓದಿ, ಬಿ.ಪಿ. ನೋಡಿ, ನೀಲವ್ವ ನನ್ನ ಗುಳಿಗೆಯನ್ನು ಇನ್ನು ಮುಟ್ಟಬಾರದು, ಆಕೆಗೆ ಗುಳಿಗೆ ಬೇಕೋ ಬೇಡವೋ, ಬೇಕಾದರೆ ಯಾವುದು ಎಂದು ತಾವೇ ನೋಡಿ ಹೇಳುವುದಾಗಿ ತಿಳಿಸಿದರು. ಆಮೇಲೆ ನಿದ್ದೆ ಹೇಗಿದೆ, ಊಟ ಹೇಗಿದೆ, ಮನಸ್ಸಿಗೆ ಏನನ್ನಿಸುತ್ತದೆ ಎಂದು ಮೆತ್ತಗೆ ಕೇಳುತ್ತ ಹೋದರು. ಎಲ್ಲದಕ್ಕೂ ನೀಲವ್ವನದು ಒಂದೇ ಉತ್ತರ, ಆರಾಮ ಅದೀನ್ರಿ. ಗುಳಿಗೆ ಕದಿಯುವಷ್ಟು ಕಷ್ಟಪಟ್ಟವಳು ಆರಾಮ ಎಂದೇ ಎದ್ದು ಹೋಗುವ ಹಾಗೆ ಕಂಡಿತು. ಡಾಕ್ಟರು ಸ್ವಲ್ಪ ಬಿಡುವು ಕೊಡಲೆಂದೋ ಏನೋ ನನ್ನ ಕಡೆ ತಿರುಗಿ, ನಿಮ್ಮದು ಹೇಗೆ ನಡೆದಿದೆ, ನನಗೆ ಹೇಳದೆ ಬೇರೆ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು.

'ನಥಿಂಗ್ ಅಟ್ ಆಲ್, ಡಾಕ್ಟರ್,' ಎಂದೆ, ಬೆನ್ನು ನೆಟ್ಟಗೆ ಮಾಡಿ.

'ಸುಳ್ಳ ಹೇಳ್ತಾರ್ರೀ ಇವರು,' ಎಂದಳು ನೀಲವ್ವ. 'ಮೊಣಕಾಲ ಬ್ಯಾನಿಗೆ ಮೆಡಿಕಲ್ ಅಂಗಡಿಯಿಂದ ತಾವ ಗುಳಿಗಿ ತಂದು ಸಾಬೂದಾಣಿ ಡಬ್ಬ್ಯಾಗ ಮುಚ್ಚಿಟ್ಟಾರ. ಇವರ ಗುಳಿಗಿ ಕಳುವು ಮಾಡಾಕ ಹೋದಾಗ ನಾನ ಕಣ್ಣಾರೆ ನೋಡೇನಿ.'

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ನೋವಿನ ಗುಳಿಗೆಯೂ ಈ ಗುಳಿಗೆಯೂ ಕೂಡಿದರೆ ಹೊಟ್ಟೆಯೊಳಗೆ ರಕ್ತ ಒಸರಬಹುದು, ಅದಕ್ಕೇ ಮೊದಲ ದಿನವೇ ಹೇಳಿದ್ದೆ, ಓದಿದವರು ನೀವು ಎಂದರು. ನಾನು ಬಾಯಿ ತೆರೆಯುವ ಮೊದಲೇ ನೀಲವ್ವ ಮತ್ತೆ ಶುರು ಮಾಡಿದಳು. ನಮ್ಮ ವೈನಿ ಮೊದಲಿಂದ ಹಿಂಗ್ರಿ, ನೋವು ಹೇಳಾಕ ಬರೂದಿಲ್ಲ. ನಮ್ಮ ಮನ್ಯಾಗ ಯಾರಿಗೂ ಬರೂದಿಲ್ರಿ. ಈಗ ನನ್ನ ನೋಡ್ರಿ, ನಸುಕಿನ್ಯಾಗ ಎಚ್ಚರಾಗತೈತಿ, ಎದಿ ಮ್ಯಾಲೆ ಯಾರೋ ಕಲ್ಲಿಟ್ಟಂಗ ಆಗತೈತಿ, ಯಾರಿಗೆ ಹೇಳಲಿ. ಹೀಗೆ ನನ್ನ ಮೊಣಕಾಲಿನಿಂದ ಹೊರಟ ಮಾತು ಆಕೆಯ ಎದೆಗೆ ಬಂದು ಮುಟ್ಟಿತು. ಡಾಕ್ಟರು ನನಗೆ ಹೊರಗೆ ಕೂತುಕೊಳ್ಳಿ ಎಂದು ಕೈ ಮಾಡಿದರು.

ಹೊರಗಿನ ಬೆಂಚಿನ ಮೇಲೆ ಕೂತು ನಾನು ಮೊಣಕಾಲು ತಿಕ್ಕಿಕೊಂಡೆ. ಅದಕ್ಕೆ ಇನ್ನು ಬೇರೆ ದಾರಿ ಡಾಕ್ಟರೇ ಹೇಳಬೇಕು. ಒಳಗಿನಿಂದ ನೀಲವ್ವನ ದನಿ ನಿಲ್ಲದೆ ಬರುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಎಲ್ಲರ ಎದುರಿಗೆ ಗುಳಿಗೆ ನುಂಗಿ ತೋರಿಸಿದ ನನ್ನ ಧೈರ್ಯವೆಲ್ಲ ಆಕೆಯ ಬಾಯಿ ಬಿಡಿಸಲಿಲ್ಲ. ನನ್ನ ಒಂದೇ ಒಂದು ಸುಳ್ಳು ಬಿಡಿಸಿತು. ಯಾರಾದರೂ ಕೇಳಿದರೆ ಆ ಸುಳ್ಳನ್ನು ಬೇಕೆಂದೇ ಹೇಳಿದ್ದೆ ಎನ್ನುವವಳಿದ್ದೇನೆ.